ಬಿದ್ದ ಮರದ ಲೆಕ್ಕ

ಕಳೆದ ಮೇ ತಿಂಗಳ ಒಂದು ಸಂಜೆ ಜಯನಗರದಲ್ಲಿ ಅರ್ಧ ಗಂಟೆ ಮಳೆ ಸುರಿಯಿತು. ಮಳೆಗಿಂತ ಗಾಳಿಯೇ ಜೋರು. ನಮ್ಮಲ್ಲಿ ಮೂವರು ಇರುವ ಪಿಜಿಯ ಎದುರಿನ ದೊಡ್ಡ ಮಳೆಮರ ಬುಡಸಮೇತ ಉರುಳಿ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ, ಒಂದು ಸ್ಕೂಟರಿನ ಕನ್ನಡಿ ಮಾತ್ರ ಹೋಯಿತು. ಮಾರನೆಯ ದಿನ ಬೆಳಿಗ್ಗೆ ಯಂತ್ರದ ಗರಗಸ ಹಿಡಿದವರು ಬಂದರು. ಸಂಜೆ ನಾವು ಕಾಲೇಜಿನಿಂದ ವಾಪಸ್ ಬರುವಷ್ಟರಲ್ಲಿ ರಸ್ತೆ ಖಾಲಿ, ಕೊನೆಯ ತುಂಡುಗಳು ಲಾರಿ ಹತ್ತುತ್ತಿದ್ದವು. "ಎಲ್ಲಿಗೆ ಹೋಗುತ್ತೆ ಅಣ್ಣಾ?" ಅಂತ ಕೇಳಿದೆವು. "ಸೌದೆಗೆ ಕಣಪ್ಪಾ, ಇನ್ನೇನಕ್ಕೆ?" ಅಂದರು.

ಅದಾಗಿ ಕೆಲವು ದಿನಕ್ಕೆ ನಮ್ಮ ಕನ್ನಡ ಸಂಘದ ಮೀಟಿಂಗ್. ಜುಲೈ ಮೊದಲ ವಾರ ವನಮಹೋತ್ಸವ ಬರುತ್ತದಲ್ಲ, ಈ ವರ್ಷವೂ ನೂರು ಸಸಿ ನೆಡೋಣ ಅನ್ನೋ ಮಾತು ಬಂತು. ಆಗ ಒಬ್ಬ ಜೂನಿಯರ್ ಎದ್ದು, "ಒಂದು ಮರ ನಿಜವಾಗಲೂ ಎಷ್ಟು ಇಂಗಾಲ ಹಿಡಿದಿಡುತ್ತೆ? ಸುಟ್ಟರೆ ಅದು ಏನಾಗುತ್ತೆ? ಅದೇ ಮರದಿಂದ ಟೇಬಲ್ ಮಾಡಿದರೆ?" ಅಂತ ಕೇಳಿದ. ಥರ್ಮೋಡೈನಮಿಕ್ಸ್ ಪಾಸಾದವರು, ಸಿವಿಲ್‌ನವರು, ಕಂಪ್ಯೂಟರ್ ಸೈನ್ಸ್‌ನವರು ಎಲ್ಲರೂ ಇದ್ದೆವು. ಒಬ್ಬರೂ ಉತ್ತರ ಹೇಳಲಿಲ್ಲ. ಆಮೇಲೆ ನಾವು ಕೂತು ಓದಿ, ಅಳೆದು, ಲೆಕ್ಕ ಹಾಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮರ ಬರುವುದು ಗಾಳಿಯಿಂದ

ಮರ ಮಣ್ಣನ್ನು ತಿಂದು ಬೆಳೆಯುತ್ತದೆ ಅಂತ ನಮ್ಮಲ್ಲಿ ಅರ್ಧ ಜನ ಅಂದುಕೊಂಡಿದ್ದೆವು. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ಇದನ್ನು ಪರೀಕ್ಷೆ ಮಾಡಿದ್ದ. ತೂಕ ಮಾಡಿದ ಒಣ ಮಣ್ಣನ್ನು ಕುಂಡಕ್ಕೆ ಹಾಕಿ, ವಿಲ್ಲೋ ಗಿಡ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಗಿಡದ ತೂಕ ಮೂವತ್ತು ಪಟ್ಟಿಗಿಂತ ಹೆಚ್ಚಾಯಿತು. ಮಣ್ಣಿನ ತೂಕ ತೀರಾ ಸ್ವಲ್ಪ ಮಾತ್ರ ಕಡಿಮೆಯಾಗಿತ್ತು. ಹಾಗಾದರೆ ಮರ ಆಗಿರುವುದು ನೀರಿನಿಂದ ಎಂದು ಆತ ತೀರ್ಮಾನಿಸಿದ. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಗಾಳಿಯನ್ನು ಆತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಾವು ಇಂಗ್ಲಿಷ್ ಮೀಡಿಯಂನಲ್ಲಿ ಫೋಟೋಸಿಂಥೆಸಿಸ್ ಅಂತ ಬಾಯಿಪಾಠ ಮಾಡಿದ್ದೇ ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಬೇರು ನೀರು ಕಳಿಸುತ್ತದೆ, ಬಿಸಿಲು ಶಕ್ತಿ ಕೊಡುತ್ತದೆ. ಆಮ್ಲಜನಕ ಹೊರಗೆ ಹೋಗುತ್ತದೆ, ಇಂಗಾಲ ಸಕ್ಕರೆಯಾಗಿ ಮರದಲ್ಲಿ ಉಳಿಯುತ್ತದೆ. ಆ ಸಕ್ಕರೆಯಿಂದಲೇ ಸೆಲ್ಯುಲೋಸ್, ಲಿಗ್ನಿನ್, ಅಂದರೆ ನಾವು ಕೈಯಿಂದ ಮುಟ್ಟುವ ಕಟ್ಟಿಗೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಸರಿಸುಮಾರು ಅರ್ಧ ಇಂಗಾಲ.

ಇಲ್ಲಿ ಪಿಯುಸಿ ಕೆಮಿಸ್ಟ್ರಿ ಸ್ವಲ್ಪ ನೆನಪಿಸಿಕೊಳ್ಳಿ. ಇಂಗಾಲದ ಪರಮಾಣು ತೂಕ 12, ಇಂಗಾಲದ ಡೈಆಕ್ಸೈಡ್‌ನ ಅಣುತೂಕ 44. ಅಂದರೆ ಮರದೊಳಗಿನ ಪ್ರತಿ 1 ಕೆಜಿ ಇಂಗಾಲಕ್ಕೆ ಗಾಳಿಯಿಂದ ಬಂದ ಡೈಆಕ್ಸೈಡ್ 44ನ್ನು 12ರಿಂದ ಭಾಗಿಸಿದಷ್ಟು, 3.67 ಕೆಜಿ. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಅರ್ಧ ಕೆಜಿ ಇಂಗಾಲ, ಹಾಗಾಗಿ ಅದು ಗಾಳಿಯಿಂದ ತೆಗೆದದ್ದು ಸುಮಾರು 1.8 ಕೆಜಿ ಡೈಆಕ್ಸೈಡ್. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ.

ಪಕ್ಕದ ಮರವನ್ನು ಅಳೆದೆವು

ಬಿದ್ದ ಮರದ ಅಳತೆ ನಮ್ಮ ಹತ್ತಿರ ಇರಲಿಲ್ಲ. ಅದೇ ಸಾಲಿನಲ್ಲಿ ಪಕ್ಕದ ಮಳೆಮರ ಇನ್ನೂ ನಿಂತಿದೆ, ಹೆಚ್ಚುಕಡಿಮೆ ಅದೇ ಗಾತ್ರ. ಟೈಲರ್ ಅಂಗಡಿಯಿಂದ ಟೇಪ್ ತಂದು, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದೆವು. ಅನೇಕ ದೇಶಗಳಲ್ಲಿ ಅರಣ್ಯದವರು ಅಳೆಯುವುದು ಇದೇ ಎತ್ತರದಲ್ಲಿ. ಸುತ್ತಳತೆ 220 ಸೆಂಟಿಮೀಟರ್ ಬಂತು. ಪೈನಿಂದ ಭಾಗಿಸಿದರೆ ವ್ಯಾಸ 70 ಸೆಂ.ಮೀ. ಎತ್ತರಕ್ಕೆ ಫೋನಿನ ಕೋನ ಅಳೆಯುವ ಆ್ಯಪ್ ಸಾಕಾಯಿತು. ಮರದ ತುದಿ 45 ಡಿಗ್ರಿಯಲ್ಲಿ ಕಾಣುವಷ್ಟು ಹಿಂದೆ ಸರಿದು ನಿಂತರೆ, ಮರಕ್ಕೂ ನಮಗೂ ಇರುವ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. 15 ಮೀಟರ್ ಆಯಿತು. ಆ ಬೀದಿಯ ತಾತ ಒಬ್ಬರು, "ಏನ್ರಪ್ಪಾ, ಇದನ್ನೂ ಕಡೀತೀರಾ?" ಅಂತ ಗದರಿದರು. ಲೆಕ್ಕಕ್ಕೆ ಅಳೀತಿದ್ದೀವಿ ತಾತ ಅಂದ ಮೇಲೆ ಸಮಾಧಾನವಾಗಿ, ಟೇಪಿನ ಇನ್ನೊಂದು ತುದಿ ಅವರೇ ಹಿಡಿದುಕೊಂಡರು.

ಉಷ್ಣವಲಯದ ಮರಗಳ ತೂಕ ಅಂದಾಜಿಸಲು 2014ರಲ್ಲಿ ಚಾವ್ ಮತ್ತು ಸಂಗಡಿಗರು ಕೊಟ್ಟ ಒಂದು ಸೂತ್ರ ಇದೆ. ಕಟ್ಟಿಗೆಯ ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಈ ಮೂರನ್ನೂ ಗುಣಿಸಿ, ಅದರ 0.976 ಘಾತ ತೆಗೆದು, 0.0673ರಿಂದ ಗುಣಿಸಬೇಕು. ಸಾಂದ್ರತೆ ಘನ ಸೆಂಟಿಮೀಟರಿಗೆ ಗ್ರಾಂನಲ್ಲಿ, ವ್ಯಾಸ ಸೆಂಟಿಮೀಟರಲ್ಲಿ, ಎತ್ತರ ಮೀಟರಲ್ಲಿ ಹಾಕಿದರೆ ನೆಲದ ಮೇಲಿನ ಭಾಗದ ಒಣ ತೂಕ ಕೆಜಿಯಲ್ಲಿ ಸಿಗುತ್ತದೆ. ಮಳೆಮರದ ಸಾಂದ್ರತೆ 0.5 ಎಂದು ಹಿಡಿದೆವು. ಉತ್ತರ ಸುಮಾರು 1,900 ಕೆಜಿ. ಅದರಲ್ಲಿ ಇಂಗಾಲ 950 ಕೆಜಿ. ಗಾಳಿಯಿಂದ ಹೊರತೆಗೆದ ಡೈಆಕ್ಸೈಡ್ ಹತ್ತಿರ ಹತ್ತಿರ 3.5 ಟನ್. ಈ ಸೂತ್ರ ಕಾಡಿನ ಮರಗಳಿಂದ ಬಂದದ್ದು. ನಮ್ಮ ಬೀದಿ ಮರಗಳ ಕೊಂಬೆಯನ್ನು ಕರೆಂಟ್ ತಂತಿಗಾಗಿ ಆಗಾಗ ಕತ್ತರಿಸುತ್ತಾರೆ, ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಕಡಿಮೆ ಇರಬಹುದು. ಆದರೂ ಅಂದಾಜಿಗೆ ಇದು ಸಾಕು.

3.5 ಟನ್ ಕೇಳಿ ನಮಗೆ ಖುಷಿಯಾಯಿತು. ಆ ಖುಷಿ ಮುಂದಿನ ಲೆಕ್ಕದವರೆಗೆ ಮಾತ್ರ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ ಡೈಆಕ್ಸೈಡ್. ಅಂದರೆ ಈ ಇಡೀ ಮರ ಸುಮಾರು 1,500 ಲೀಟರ್ ಪೆಟ್ರೋಲಿಗೆ ಸಮ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ದಿನಕ್ಕೆ 20 ಕಿ.ಮೀ.ನಂತೆ ವರ್ಷಕ್ಕೆ 250 ದಿನ ಓಡಾಡಿದರೆ, 13-14 ವರ್ಷಕ್ಕೆ ಮುಗಿಯಿತು. ಇಷ್ಟು ಬೆಳೆಯಲು ಮರಕ್ಕೆ ದಶಕಗಳು ಬೇಕು. ಅಷ್ಟೂ ಕೆಲಸವನ್ನು ನಮ್ಮ ಕ್ಲಾಸಿನ ಒಬ್ಬನ ಒಂದು ಸ್ಕೂಟರ್ ಅಳಿಸಿ ಹಾಕಬಲ್ಲದು.

ದೇಶದ ಮಟ್ಟಕ್ಕೂ ಇದೇ ಲೆಕ್ಕ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಡೈಆಕ್ಸೈಡ್ ಹಿಡಿದಿಡುತ್ತೇವೆ ಎಂದು ಪ್ಯಾರಿಸ್ ಒಪ್ಪಂದದಡಿ ಭಾರತ ಮಾತು ಕೊಟ್ಟಿದೆ. ನಾವು ಅಳೆದ ಗಾತ್ರದ ಮರದಲ್ಲಿ ಹೇಳುವುದಾದರೆ 250 ಕೋಟಿ ಟನ್ನಿಗೆ 70 ಕೋಟಿಗೂ ಹೆಚ್ಚು ಮರ. ಇವತ್ತು ನೆಟ್ಟ ಸಸಿ 2030ಕ್ಕೆ ಆ ಗಾತ್ರ ಮುಟ್ಟುವುದಿಲ್ಲ. ಈಗಾಗಲೇ ನಿಂತಿರುವ ಮರ ಯಾಕೆ ಮುಖ್ಯ ಅನ್ನುವುದು ನಮಗೆ ಇಲ್ಲೇ ಅರ್ಥವಾಗಿದ್ದು.

ಬಿದ್ದ ಮೇಲೆ ಮೂರು ದಾರಿ

ಮರ ಬಿದ್ದ ದಿನವೇ ಅದರ ಇಂಗಾಲ ಗಾಳಿಗೆ ಹೋಗುವುದಿಲ್ಲ. ಅದು ಯಾವಾಗ ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿದೆ.

ಮೊದಲ ದಾರಿ, ಕೊಳೆಯಲು ಬಿಡುವುದು. ಕಾಡಿನಲ್ಲಿ ಇದು ತಪ್ಪಲ್ಲ. ಶಿಲೀಂಧ್ರ, ಗೆದ್ದಲು ತಿಂದು ಕೆಲವು ವರ್ಷಗಳಲ್ಲಿ ಹೆಚ್ಚಿನ ಭಾಗ ಗಾಳಿಗೆ ಸೇರುತ್ತದೆ, ಸ್ವಲ್ಪ ಮಣ್ಣಿನಲ್ಲಿ ಉಳಿದು ಮುಂದಿನ ಗಿಡಕ್ಕೆ ಗೊಬ್ಬರವಾಗುತ್ತದೆ.

ಎರಡನೆಯದು, ಸುಡುವುದು. ದಶಕಗಳ ಇಂಗಾಲ ಕೆಲವು ಗಂಟೆಗಳಲ್ಲಿ ವಾಪಸ್. ಸೌದೆ ಉರಿಸಿದ್ದರಿಂದ ಅಷ್ಟು ಗ್ಯಾಸೋ ಕಲ್ಲಿದ್ದಲೋ ಉಳಿಯಿತಲ್ಲ ಎಂದು ನೀವು ಕೇಳಬಹುದು. ಅದೂ ನಿಜ, ಪೂರ್ತಿ ನಷ್ಟ ಅಲ್ಲ. ಕೊಂಬೆ, ಸಿಪ್ಪೆ, ಡೊಂಕು ತುಂಡುಗಳಿಗೆ ಸೌದೆಯೇ ಸರಿಯಾದ ಜಾಗ ಇರಬಹುದು. ಆದರೆ ಎರಡು ಮೀಟರ್ ಸುತ್ತಳತೆಯ ನೇರ ದಿಮ್ಮಿಯನ್ನೂ ಅದರ ಜೊತೆಗೇ ಒಲೆಗೆ ಹಾಕುವುದು ನಮಗೆ ಸರಿ ಕಾಣಲಿಲ್ಲ.

ಮೂರನೆಯದು, ವಸ್ತು ಮಾಡುವುದು. ಬಾಗಿಲು, ಮೇಜು, ಬೆಂಚು, ತೊಲೆ. ವಸ್ತು ಇರುವವರೆಗೂ ಇಂಗಾಲ ಅದರೊಳಗೆ ಬಂಧಿ. ದೇಶಗಳು ತಮ್ಮ ಲೆಕ್ಕ ಒಪ್ಪಿಸುವಾಗ ಬಳಸುವ ಐಪಿಸಿಸಿ ನಿಯಮದಲ್ಲಿ ಇದಕ್ಕೂ ಅರ್ಧಾಯುಷ್ಯ ಇದೆ, ರೇಡಿಯೋಆಕ್ಟಿವಿಟಿ ಪಾಠದಲ್ಲಿ ಬರುವ ಹಾಗೇ. ಕೊಯ್ದ ಮರಕ್ಕೆ 35 ವರ್ಷ, ಪ್ಲೈವುಡ್‌ನಂಥ ಹಲಗೆಗಳಿಗೆ 25 ವರ್ಷ, ಕಾಗದಕ್ಕೆ 2 ವರ್ಷ. ಕಾಗದದ್ದನ್ನು ಓದಿ ನಮಗೆ ನಗು ಬಂತು. ನಮ್ಮ ಲ್ಯಾಬ್ ರೆಕಾರ್ಡುಗಳು ಎಕ್ಸ್‌ಟರ್ನಲ್ ಮುಗಿದ ವಾರವೇ ಗುಜರಿಗೆ ಹೋಗುತ್ತವಲ್ಲ, ಎರಡು ವರ್ಷ ಅನ್ನುವುದೇ ಉದಾರ.

ನಮ್ಮ ಮರಕ್ಕೆ ಇದನ್ನು ಹಾಕಿ ನೋಡೋಣ. ಒಟ್ಟು ತೂಕದಲ್ಲಿ ಅರ್ಧ ಕಾಂಡ ಎಂದುಕೊಳ್ಳೋಣ. ಸಾಮಿಲ್‌ನಲ್ಲಿ ಕೊಯ್ಯುವಾಗ ಹೊಟ್ಟು, ಅಂಚು ಅಂತ ಅದರಲ್ಲಿ ಮತ್ತೆ ಅರ್ಧ ಹೋಗುತ್ತದೆ ಎಂದುಕೊಳ್ಳೋಣ. ಉಳಿದದ್ದು ಕಾಲು ಭಾಗ, 0.9 ಟನ್ ಡೈಆಕ್ಸೈಡ್‌ಗೆ ಸಮ. 35 ವರ್ಷದ ಮೇಲೂ ಅದರಲ್ಲಿ ಅರ್ಧ, ಅಂದರೆ 450 ಕೆಜಿಯಷ್ಟು ಇನ್ನೂ ಯಾರದೋ ಮನೆಯಲ್ಲಿ ಕುರ್ಚಿಯಾಗಿ ಇರುತ್ತದೆ. ಸುಟ್ಟರೆ ಉಳಿಯುವುದು ಸೊನ್ನೆ. ದೊಡ್ಡ ಸಂಖ್ಯೆ ಏನಲ್ಲ. ಆದರೆ ಪ್ರತಿ ಏಪ್ರಿಲ್, ಮೇನಲ್ಲಿ ಈ ಊರಿನಲ್ಲಿ ಬೀಳುವ ಮರ ಒಂದೇ ಅಲ್ಲ.

ಮರುಬಳಕೆ ಆದರೆ ಆಯುಷ್ಯ ಇನ್ನೂ ಉದ್ದ. ಬಸವನಗುಡಿಯ ಹಳೇ ಮನೆಗಳಲ್ಲಿ ಮರದ ತೊಲೆಯ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ಟೆರೇಸ್ ಚಾವಣಿ ನೋಡಿರಬಹುದು. ಅಂಥ ಮನೆ ಕೆಡವಿದಾಗ ತೇಗದ ತೊಲೆ, ಬಾಗಿಲು, ಕಿಟಕಿ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾರಾಟವಾಗಿ ಹೊಸ ಮನೆ ಸೇರುತ್ತವೆ. ಅಜ್ಜಿಯ ಕಾಲದ ಮಂಚ ಇನ್ನೂ ಬಳಸುತ್ತಿರುವ ಮನೆಯವರು ತಮಗೆ ಗೊತ್ತಿಲ್ಲದೆಯೇ ಇಂಗಾಲ ಕಾಯುತ್ತಿದ್ದಾರೆ.

ಸಿಮೆಂಟ್ ಬದಲಿಗೆ ಕಟ್ಟಿಗೆ

ಇದರ ಇನ್ನೊಂದು ಭಾಗ ನಮ್ಮ ಸಿವಿಲ್ ಗೆಳೆಯರು ವಿವರಿಸಿದ್ದು. ಕಟ್ಟಿಗೆ ಇಂಗಾಲ ಹಿಡಿದಿಡುವುದು ಒಂದು ಲಾಭ. ಅದು ಯಾವ ವಸ್ತುವಿನ ಜಾಗದಲ್ಲಿ ಕೂತಿತು ಅನ್ನುವುದು ಎರಡನೆಯ ಲಾಭ.

ಸುಣ್ಣದಕಲ್ಲನ್ನು ಗೂಡಿನಲ್ಲಿ ಕಾಯಿಸಿದಾಗ 100 ಗ್ರಾಂ ಕಲ್ಲಿನಿಂದ 56 ಗ್ರಾಂ ಸುಣ್ಣ, 44 ಗ್ರಾಂ ಡೈಆಕ್ಸೈಡ್ ಬರುತ್ತದೆ. ಗೂಡಿಗೆ ಸೋಲಾರ್ ಕರೆಂಟ್ ಕೊಟ್ಟರೂ ಈ 44 ತಪ್ಪುವುದಿಲ್ಲ, ಅದು ಆ ರಾಸಾಯನಿಕ ಕ್ರಿಯೆಯಲ್ಲೇ ಇದೆ. ಮೇಲಿನಿಂದ ಇಂಧನದ್ದೂ ಸೇರಿ ಒಂದು ಕೆಜಿ ಸಿಮೆಂಟಿಗೆ ಸುಮಾರು 600ರಿಂದ 900 ಗ್ರಾಂ. ಒಂದು ಮೂಟೆಗೆ 30ರಿಂದ 45 ಕೆಜಿ. ಅದಿರಿನಿಂದ ಒಂದು ಟನ್ ಉಕ್ಕು ತೆಗೆಯಲು ಎರಡು ಟನ್ನಿನಷ್ಟು, ಕೆಲವೆಡೆ ಇನ್ನೂ ಹೆಚ್ಚು. ಕಟ್ಟಿಗೆಯನ್ನು ಕೊಯ್ದು, ಒಣಗಿಸಿ, ಸಾಗಿಸಲು ಶಕ್ತಿ ಬೇಕು, ಆದರೆ ಇಷ್ಟೊಂದಲ್ಲ.

ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್ಟೋರ್ನೆಟ್ ಎಂಬ 18 ಮಹಡಿಯ ಕಟ್ಟಡದ ಕಂಬ, ತೊಲೆಗಳು ಮರದ ಹಲಗೆಗಳನ್ನು ಅಂಟಿಸಿ ಮಾಡಿದವು. ಅಷ್ಟು ದೂರ ಯಾಕೆ, ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣದ 2022ರಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ ಒಳಗೆ ತಲೆ ಎತ್ತಿ ನೋಡಿ, ಚಾವಣಿ, ಕಂಬಕ್ಕೆಲ್ಲ ಬಿದಿರು. ಬಿದಿರು ಸಸ್ಯಶಾಸ್ತ್ರದ ಪ್ರಕಾರ ಹುಲ್ಲು, ಕೆಲವೇ ವರ್ಷದಲ್ಲಿ ಕಟಾವಿಗೆ ಬರುತ್ತದೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಕಾನೂನು ತಿದ್ದಿ ಮರದ ಪಟ್ಟಿಯಿಂದ ತೆಗೆದರು, ಹಾಗಾಗಿ ರೈತರು ಕಡಿದು ಮಾರಲು ತೊಡಕು ಕಡಿಮೆ. ಕಟ್ಟಿಗೆಗೆ ಗೆದ್ದಲು, ತೇವ, ಬೆಂಕಿ ಎಂಬ ಮೂರು ಶತ್ರುಗಳಿವೆ. ಇವನ್ನು ತಡೆಯುವ ಸಂಶೋಧನೆ ನಮ್ಮ ಊರಿನಲ್ಲೇ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ಫೈನಲ್ ಇಯರ್‌ನವರು ಗಮನಿಸಬಹುದು.

ಹಾಗಂತ ಎಲ್ಲ ಮರವೂ ಒಳ್ಳೆಯದಲ್ಲ

ಇಷ್ಟು ಓದಿದ ಮೇಲೆ ನಮ್ಮಲ್ಲೊಬ್ಬ, "ಹಾಗಾದರೆ ಕಾಡು ಕಡಿದು ಫರ್ನಿಚರ್ ಮಾಡೋದೇ ಒಳ್ಳೇದು ಅಲ್ವಾ?" ಅಂದ. ಇಲ್ಲ. ಮೇಲಿನ ಲೆಕ್ಕವೇ ಅದಕ್ಕೆ ಉತ್ತರ. ಮರ ಕಡಿದರೆ ವಸ್ತುವಾಗಿ ಉಳಿಯುವುದು ಕಾಲು ಭಾಗ, ಉಳಿದ ಮುಕ್ಕಾಲು ಬೇಗ ಗಾಳಿಗೆ. ಕಡಿದಷ್ಟೂ ಮತ್ತೆ ಬೆಳೆಯುವವರೆಗೆ ಅದು ಸಾಲ. ಹಳೆಯ ಕಾಡಿನ ಸಾಲ ತೀರಲು ಎಷ್ಟೋ ತಲೆಮಾರು ಬೇಕು, ಮಣ್ಣಿನೊಳಗಿನ ಇಂಗಾಲ, ಹಕ್ಕಿ, ಹೊಳೆ ಇವು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಕಟ್ಟಿಗೆಯಿಂದ ಹವಾಮಾನಕ್ಕೆ ಲಾಭ ಆಗುವುದು ತೋಟದಲ್ಲಿ, ಹೊಲದ ಬದುವಿನಲ್ಲಿ ಬೆಳೆಸಿ, ಕಡಿದ ಜಾಗದಲ್ಲಿ ಮತ್ತೆ ಬೆಳೆಸಿದಾಗ. ಇಲ್ಲವೇ ಹೇಗೂ ಬಿದ್ದ ಮರವನ್ನು ಬಳಸಿದಾಗ.

ಕರ್ನಾಟಕ ಈ ಪಾಠ ಕಷ್ಟಪಟ್ಟು ಕಲಿತಿದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತರು. ಅದೇ ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಅಪ್ಪಿಕೋ ಚಳವಳಿ. ಅವರ ತಕರಾರು ಕಡಿಯುವುದರ ಬಗ್ಗೆ ಮಾತ್ರ ಇರಲಿಲ್ಲ, ನೂರಾರು ಜಾತಿಯ ಕಾಡಿನ ಜಾಗಕ್ಕೆ ತೇಗ ಒಂದನ್ನೇ ತಂದು ನೆಡುವುದರ ಬಗ್ಗೆಯೂ ಇತ್ತು. ಬಯಲುಸೀಮೆಯಲ್ಲಿ ನೀಲಗಿರಿ ಕಥೆ ಇನ್ನೊಂದು. ಬೇಗ ಬೆಳೆಯುತ್ತದೆ, ಅಂದರೆ ಬೇಗ ಇಂಗಾಲ ಹಿಡಿಯುತ್ತದೆ, ಪೇಪರಿನ ಮೇಲೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೆಲವೇ ವರ್ಷಕ್ಕೆ ಕಡಿದು ಕಾಗದದ ತಿರುಳಿಗೆ ಹೋದರೆ ಅರ್ಧಾಯುಷ್ಯ ಎರಡೇ ವರ್ಷ. ಅಂತರ್ಜಲ ಹೀರುತ್ತದೆ ಎಂಬ ದೂರಿನ ಮೇಲೆ 2017ರಲ್ಲಿ ಸರ್ಕಾರ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ನಿಷೇಧಿಸಿತು.

ನಮ್ಮ ಪಕ್ಕದಲ್ಲೇ ಬನಶಂಕರಿ 6ನೇ ಹಂತಕ್ಕೆ ತಾಗಿಕೊಂಡು ತುರಹಳ್ಳಿ ಕಾಡಿದೆ. ಭಾನುವಾರ ಸೈಕಲ್ ತುಳಿಯುವವರಿಗೆ ಗೊತ್ತು, ಬಂಡೆ, ಕುರುಚಲು ಗಿಡ, ನೋಡಲು ದಟ್ಟ ಕಾಡೇನೂ ಅಲ್ಲ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಮುತ್ತಲಿನ ಜನ, ಮಕ್ಕಳು ಸಮೇತ ಬಂದು ವಿರೋಧಿಸಿದರು. ಟ್ರೀ ಪಾರ್ಕ್ ಒಳ್ಳೆಯದಲ್ವಾ ಎಂದು ಆಗ ನಮಗೆ ಅನ್ನಿಸಿತ್ತು. ಇರುವ ಕಾಡಿಗೆ ಕಾಲುದಾರಿ, ಕಟ್ಟಡ ಹಾಕದೇ ಅದರ ಪಾಡಿಗೆ ಬಿಡುವುದೂ ಒಂದು ಕೆಲಸ ಎಂದು ಈಗ ಅರ್ಥವಾಗುತ್ತಿದೆ.

ನೆರಳಿನ ಲೆಕ್ಕ ಬೇರೆ

ಒಂದು ಬೀದಿ ಮರವನ್ನು ಬರೀ 3.5 ಟನ್ ಅಂತ ನೋಡಿದರೆ ಅದಕ್ಕೆ ಅನ್ಯಾಯ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಂಗಳೂರಿನದೇ ರಸ್ತೆಗಳನ್ನು ಅಳೆದಿದ್ದಾರೆ. ಮರ ಇರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ, ಮರ ಇಲ್ಲದ ರಸ್ತೆಗಿಂತ 5.6 ಡಿಗ್ರಿವರೆಗೆ ಕಡಿಮೆ. ರಸ್ತೆಯ ಡಾಂಬರಿನ ಉಷ್ಣಾಂಶ 27.5 ಡಿಗ್ರಿವರೆಗೆ ಕಡಿಮೆ. ಜಯನಗರದ ಒಳರಸ್ತೆಯಿಂದ ಬಿಟಿಎಂ ಕಡೆಯ ಔಟರ್ ರಿಂಗ್ ರೋಡಿಗೆ ಏಪ್ರಿಲ್ ಮಧ್ಯಾಹ್ನ ನಡೆದು ನೋಡಿ, ಥರ್ಮಾಮೀಟರ್ ಬೇಕಾಗುವುದಿಲ್ಲ.

2009ರಲ್ಲಿ ಮೆಟ್ರೋಗಾಗಿ ಲಕ್ಷ್ಮಣರಾವ್ ಪಾರ್ಕ್, ನಂದಾ ರಸ್ತೆ ಕಡೆ ಮರ ಕಡಿಯುವಾಗ ಜಯನಗರದ ಜನ ಬೀದಿಗಿಳಿದಿದ್ದರು. ಇವತ್ತು ಅದೇ ಮೆಟ್ರೋ ಹತ್ತಿ ನಾವು ಸ್ಕೂಟರ್ ಮನೆಯಲ್ಲಿ ಬಿಟ್ಟು ಬರುತ್ತೇವೆ. ಯಾರು ಸರಿ? ಪೆಟ್ರೋಲ್ ಲೆಕ್ಕ ನೋಡಿದರೆ ಮೆಟ್ರೋ ಗೆಲ್ಲುತ್ತದೆ. ನೆರಳಿನ ಲೆಕ್ಕ ನೋಡಿದರೆ ಆ ತಾತನಂಥವರು ಗೆಲ್ಲುತ್ತಾರೆ. ನಮ್ಮೊಳಗೇ ಇದರ ಬಗ್ಗೆ ಒಮ್ಮತ ಬರಲಿಲ್ಲ. ಕಡಿಯಲೇಬೇಕಾದರೆ ಆ ದಿಮ್ಮಿ ಒಲೆಗೆ ಹೋಗಬಾರದು ಅನ್ನುವುದೊಂದನ್ನು ಎಲ್ಲರೂ ಒಪ್ಪಿದೆವು.

ನಾವು ಏನು ಮಾಡುತ್ತೇವೆ

ಲೆಕ್ಕ ಮುಗಿದ ಮೇಲೆ ಕಳೆದ ವರ್ಷ ನಾವೇ ನೆಟ್ಟ ಸಸಿಗಳನ್ನು ನೋಡಲು ಹೋದೆವು. ಫೋಟೋದಲ್ಲಿ ನಲವತ್ತು ಇದ್ದವು. ಎಣಿಸಿದಾಗ ಸಿಕ್ಕಿದ್ದು ಹನ್ನೊಂದು. ಬೇಸಿಗೆಯಲ್ಲಿ ನೀರು ಹಾಕುವವರು ಯಾರೂ ಇರಲಿಲ್ಲ, ನಾವೆಲ್ಲ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆವು. ಬೇರೆಯವರನ್ನು ಬೈಯುವ ಮೊದಲು ಇದನ್ನು ಬರೆಯಲೇಬೇಕು.

ಹಾಗಾಗಿ ಈ ವರ್ಷ ನೂರು ಸಸಿ ಇಲ್ಲ. ಆ ಹನ್ನೊಂದನ್ನು ಉಳಿಸುತ್ತೇವೆ, ಜೊತೆಗೆ ಹತ್ತು ಹೊಂಗೆ ಮಾತ್ರ ನೆಡುತ್ತೇವೆ. ಪ್ರತಿ ಗಿಡಕ್ಕೂ ಇಬ್ಬರ ಹೆಸರು, ಅದರಲ್ಲಿ ಒಬ್ಬರು ರಜೆಯಲ್ಲೂ ಬೆಂಗಳೂರಿನಲ್ಲೇ ಇರುವವರು. ಕ್ಯಾಂಪಸ್ಸಿನ ಎಲ್ಲ ಮರಗಳ ಸುತ್ತಳತೆ ತೆಗೆದು ಒಂದು ಪಟ್ಟಿ ಮಾಡುತ್ತಿದ್ದೇವೆ, ಮುಂದಿನ ಬ್ಯಾಚ್ ಮತ್ತೆ ಅಳೆದರೆ ಬೆಳವಣಿಗೆ ಗೊತ್ತಾಗುತ್ತದೆ. ಇನ್ನು ಮುಂದೆ ಕ್ಯಾಂಪಸ್ಸಿನಲ್ಲಿ ಮರ ಬಿದ್ದರೆ ದಿಮ್ಮಿಯನ್ನು ವರ್ಕ್‌ಶಾಪಿಗೆ ಕೊಡಿ ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದೇವೆ. ಫಸ್ಟ್ ಇಯರ್ ಕಾರ್ಪೆಂಟ್ರಿಯಲ್ಲಿ ನಾವು ಮಾಡಿದ ಜಾಯಿಂಟ್‌ಗಳೆಲ್ಲ ಮಾರ್ಕ್ಸ್ ಬಂದ ಮೇಲೆ ಮೂಲೆ ಸೇರಿದವು. ಅದೇ ಕೆಲಸದಲ್ಲಿ ಒಂದು ಬೆಂಚು ಆದರೆ ಕೂರಲಿಕ್ಕಾದರೂ ಆಗುತ್ತದೆ. ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.

ಟೇಪ್ ನಮ್ಮ ಹತ್ತಿರವೇ ಇದೆ. ಮರ ಅಳೆಯಲು ಬರುವವರು ಶನಿವಾರ ಮಧ್ಯಾಹ್ನ ಕ್ಲಾಸ್ ಬಿಟ್ಟ ಮೇಲೆ ಕ್ಯಾಂಟೀನ್ ಎದುರಿನ ಹೊಂಗೆ ಮರದ ಕೆಳಗೆ ಸಿಗಿ. ಅದರ ಸುತ್ತಳತೆ ಇನ್ನೂ ತೆಗೆದಿಲ್ಲ, ಅಲ್ಲಿಂದಲೇ ಶುರು ಮಾಡೋಣ.